ಯುದ್ಧವಿಮಾನಗಳ ಐದು ತಾಣಗಳು: ಗೈಡ್ ಎಲ್ಲಿ ಬೇಕೇ ಬೇಕು, ಎಲ್ಲಿ ಬೇಡ

ಎರಡನೆಯ ಮಹಾಯುದ್ಧದ ವಿಮಾನಗಳನ್ನು ನೋಡಬೇಕೆಂದು ಇಂಗ್ಲೆಂಡಿಗೆ ಹೊರಟವರು ಮೊದಲು ಕೇಳುವುದು ಯಾವ ಮ್ಯೂಸಿಯಂ ದೊಡ್ಡದು ಎಂದು. ಉತ್ತರ ಸುಲಭ, ಡಕ್ಸ್‌ಫರ್ಡ್. ಆದರೆ ದೊಡ್ಡ ಮ್ಯೂಸಿಯಂ ನೋಡಿ ಬಂದವರಿಗೆ ಸಂಜೆಯ ಹೊತ್ತಿಗೆ ಏನು ನೆನಪಿರುತ್ತದೆ ಎಂದು ವಿಚಾರಿಸಿದರೆ ಕಾಲುನೋವಿನ ಮಾತೇ ಮೊದಲು ಬರುತ್ತದೆ. ಹ್ಯಾಂಗರಿನೊಳಗೆ ರೆಕ್ಕೆಗೆ ರೆಕ್ಕೆ ತಾಗುವಂತೆ ನಿಲ್ಲಿಸಿದ ವಿಮಾನಗಳ ನಡುವೆ ಎರಡು ಗಂಟೆ ಅಡ್ಡಾಡಿದ ಮೇಲೆ, ಹದಿನೈದನೆಯದರ ಹೊತ್ತಿಗೆ ಹಸಿರು–ಕಂದು ಬಣ್ಣದ ಮೈಗಳೆಲ್ಲ ಒಂದೇ ಥರ ಕಾಣತೊಡಗುತ್ತವೆ. ಆದ್ದರಿಂದ ಈ ಹೋಲಿಕೆಯಲ್ಲಿ ನಾನು ವಿಮಾನಗಳ ಲೆಕ್ಕಕ್ಕೆ ಹೋಗಿಲ್ಲ. ಗೈಡ್ ಜೊತೆಗಿಲ್ಲದಿದ್ದರೆ ಆ ಜಾಗದಲ್ಲಿ ನಾವು ಎಷ್ಟು ಕಳೆದುಕೊಳ್ಳುತ್ತೇವೆ ಎಂಬುದೊಂದೇ ಇಲ್ಲಿನ ಅಳತೆ. ಲಂಡನ್ನಿನ ಹೆಂಡನ್ ಮತ್ತು ಅಕ್ಸ್‌ಬ್ರಿಜ್, ಕೇಂಬ್ರಿಜ್ ಬಳಿಯ ಡಕ್ಸ್‌ಫರ್ಡ್, ಲಿಂಕನ್‌ಶೈರಿನ ಕನಿಂಗ್ಸ್‌ಬಿ ಮತ್ತು ಈಸ್ಟ್ ಕರ್ಕ್‌ಬಿ, ಈ ಐದನ್ನು ಆ ಅಳತೆಯಿಂದ ನೋಡಿದರೆ ಸಾಮಾನ್ಯ ಪಟ್ಟಿಗಳಲ್ಲಿ ಕಾಣುವ ಕ್ರಮ ತಲೆಕೆಳಗಾಗುತ್ತದೆ.

ಅಕ್ಸ್‌ಬ್ರಿಜ್: ವಿಮಾನದ ಬದಲು ಮೇಜು

ನನ್ನ ಪಟ್ಟಿಯ ತುದಿಯಲ್ಲಿರುವುದು ವಿಮಾನಗಳೇ ಮುಖ್ಯವಲ್ಲದ ತಾಣ. ಅಕ್ಸ್‌ಬ್ರಿಜ್‌ನ ಬ್ಯಾಟಲ್ ಆಫ್ ಬ್ರಿಟನ್ ಬಂಕರ್ ನೆಲದಿಂದ ಸುಮಾರು 60 ಅಡಿ ಆಳದಲ್ಲಿದೆ. 76 ಮೆಟ್ಟಿಲು ಇಳಿದು ಹೋಗಬೇಕು, ಅಷ್ಟನ್ನೂ ಮತ್ತೆ ಹತ್ತಿ ಬರಬೇಕು. ಮಂಡಿನೋವಿನವರು ಟಿಕೆಟ್ ತೆಗೆಯುವ ಮುನ್ನವೇ ಇದನ್ನು ಯೋಚಿಸುವುದು ಒಳ್ಳೆಯದು. ಬ್ಯಾಟಲ್ ಆಫ್ ಬ್ರಿಟನ್ ಎಂದರೆ 1940ರಲ್ಲಿ ಜರ್ಮನಿಯ ವಾಯುಪಡೆಯೊಡನೆ ಬ್ರಿಟನ್ನಿನ ಆಕಾಶದಲ್ಲಿ ನಡೆದ ಕಾಳಗ. ಆ ಬೇಸಿಗೆಯಲ್ಲಿ ಆಗ್ನೇಯ ಇಂಗ್ಲೆಂಡಿನ ಆಕಾಶವನ್ನು ಕಾಯುತ್ತಿದ್ದ, ಹಲವು ಸ್ಕ್ವಾಡ್ರನ್ ಅಂದರೆ ವಿಮಾನ ತುಕಡಿಗಳು ಸೇರಿದ 11ನೇ ಗ್ರೂಪಿನ ಫೈಟರ್ ಸ್ಕ್ವಾಡ್ರನ್‌ಗಳಿಗೆ ಆದೇಶ ಹೋಗುತ್ತಿದ್ದದ್ದು ಇಲ್ಲಿಂದಲೇ. ಆ ಗ್ರೂಪಿನ ಮುಖ್ಯಸ್ಥ ನ್ಯೂಜಿಲೆಂಡಿನ ಕೀತ್ ಪಾರ್ಕ್.

ಕೆಳಗಿಳಿದು ನಿಂತರೆ ಕಾಣುವುದು ಇಷ್ಟೇ: ಕೋಣೆಯ ನಡುವೆ ಭೂಪಟ ಹಾಸಿದ ದೊಡ್ಡ ಮೇಜು, ಅದರ ಮೇಲೆ ಅಂಕಿ ಬರೆದ ಬಿಲ್ಲೆಗಳು, ಎದುರಿನ ಗೋಡೆಯಲ್ಲಿ ದೀಪಗಳ ಸಾಲು, ಒಂದು ಗಡಿಯಾರ. ಗೈಡ್ ಇಲ್ಲದೆ ನೋಡಿದರೆ ಐದು ನಿಮಿಷದಲ್ಲಿ ಮುಗಿದುಹೋಗುವ ದೃಶ್ಯ. ಆ ಗಡಿಯಾರವನ್ನೇ ತೆಗೆದುಕೊಳ್ಳಿ. ಅದರ ಮುಖವನ್ನು ಐದೈದು ನಿಮಿಷಗಳ ತ್ರಿಕೋನಗಳಾಗಿ ಹಂಚಿ, ಸರದಿಯಂತೆ ಕೆಂಪು, ಹಳದಿ, ನೀಲಿ ಬಣ್ಣ ಬಳಿದಿದ್ದಾರೆ. ಶತ್ರುವಿಮಾನದ ಸುದ್ದಿ ಬಂದಾಗ ನಿಮಿಷದ ಮುಳ್ಳು ಯಾವ ಬಣ್ಣದ ಮೇಲಿದೆಯೋ ಆ ಬಣ್ಣದ ಗುರುತನ್ನೇ ಮೇಜಿನ ಮೇಲೆ ಇಡುತ್ತಿದ್ದರು. ಮೇಲಿನ ಗ್ಯಾಲರಿಯಲ್ಲಿ ಕುಳಿತ ಅಧಿಕಾರಿಗೆ ಯಾರನ್ನೂ ಕೇಳದೆ, ಬರೀ ಬಣ್ಣ ನೋಡಿ, ಯಾವ ಸುದ್ದಿ ತಾಜಾ, ಯಾವುದು ಹಳಸಿದ್ದು ಎಂಬುದು ತಿಳಿಯುತ್ತಿತ್ತು. ಕರಾವಳಿಯ ರೇಡಾರ್ ಕೇಂದ್ರಗಳಿಂದ ಮತ್ತು ದುರ್ಬೀನು ಹಿಡಿದು ಬಯಲಲ್ಲಿ ನಿಂತ ವೀಕ್ಷಕರಿಂದ ಹೊರಟ ಮಾಹಿತಿ ಟೆಲಿಫೋನ್ ತಂತಿಗಳ ಮೇಲೆ ಹರಿದು ಬಂದು ಈ ಮೇಜಿನ ಮೇಲೆ ಬಣ್ಣವಾಗಿ ನಿಲ್ಲುವ ತನಕದ ಸರಪಳಿಯನ್ನು ಯಾರಾದರೂ ಬಿಡಿಸಿ ಹೇಳಿದಾಗ ಮಾತ್ರ, ಸ್ಪಿಟ್‌ಫೈರ್ ಎಂಬ ಚಂದದ ವಿಮಾನವೊಂದೇ ಆ ಕಾಳಗವನ್ನು ಗೆಲ್ಲಿಸಲಿಲ್ಲ ಎಂಬುದು ಮನಸ್ಸಿಗಿಳಿಯುತ್ತದೆ.

ಮೇಜಿನ ಮೇಲಿನ ಬಿಲ್ಲೆಗಳನ್ನು 1940ರ ಸೆಪ್ಟೆಂಬರ್ 15ರ ಬೆಳಗಿನ ಸ್ಥಿತಿಗೆ ಹೊಂದಿಸಿ ಇಟ್ಟಿದ್ದಾರೆ. ಅಂದು ಚರ್ಚಿಲ್ ಇದೇ ಕೋಣೆಯ ಗ್ಯಾಲರಿಯಲ್ಲಿ ಕುಳಿತಿದ್ದರು. ಗೋಡೆಯ ದೀಪಗಳೆಲ್ಲ ಸ್ಕ್ವಾಡ್ರನ್‌ಗಳು ಕಾಳಗಕ್ಕಿಳಿದಿವೆ ಎಂದು ತೋರಿಸುತ್ತಿರುವಾಗ, ಇನ್ನು ಮೀಸಲು ಏನಿದೆ ಎಂದು ಅವರು ಕೇಳಿದರು. ಏನೂ ಇಲ್ಲ ಎಂದರು ಪಾರ್ಕ್. ಈ ಮಾತನ್ನು ಪುಸ್ತಕದಲ್ಲಿ ಓದುವುದಕ್ಕೂ ಆ ದೀಪಗಳ ಎದುರು ನಿಂತು ಕೇಳುವುದಕ್ಕೂ ಬಹಳ ಅಂತರವಿದೆ. ಇಲ್ಲಿ ಗೈಡ್‌ಗೆ ಕೊಟ್ಟ ಹಣ ಒಂದು ಪೆನ್ನಿಯೂ ಪೋಲಾಗದು.

ಡಕ್ಸ್‌ಫರ್ಡ್: ಹ್ಯಾಂಗರಿನ ಹೊರಗಿನ ಕಥೆ

ಇಂಪೀರಿಯಲ್ ವಾರ್ ಮ್ಯೂಸಿಯಂಗೆ ಸೇರಿದ ಡಕ್ಸ್‌ಫರ್ಡ್ ಮೊದಲನೆಯ ಮಹಾಯುದ್ಧದ ಕೊನೆಯ ವರ್ಷಗಳಲ್ಲಿ ಹುಟ್ಟಿದ ವಾಯುನೆಲೆ. ರಾಯಲ್ ಏರ್ ಫೋರ್ಸಿಗೆ ಬಂದ ಮೊತ್ತಮೊದಲ ಸ್ಪಿಟ್‌ಫೈರ್‌ಗಳು 1938ರ ಆಗಸ್ಟ್‌ನಲ್ಲಿ ಇಳಿದದ್ದು ಇಲ್ಲಿನ 19ನೇ ಸ್ಕ್ವಾಡ್ರನ್‌ಗೆ. 1943ರಿಂದ ಇದು ಅಮೆರಿಕದ 78ನೇ ಫೈಟರ್ ಗ್ರೂಪಿನ ನೆಲೆಯಾಯಿತು. ಇವತ್ತಿಗೂ ರನ್‌ವೇ ಜೀವಂತವಾಗಿದೆ. ನೀವು ಕಾಫಿ ಕುಡಿಯುತ್ತಿರುವಾಗಲೇ ಸ್ಪಿಟ್‌ಫೈರಿನ ಮರ್ಲಿನ್ ಎಂಜಿನ್ನಿನ ಸದ್ದು ತಲೆಯ ಮೇಲೆ ಹಾದುಹೋಗಬಹುದು.

ಇಲ್ಲಿ ಎರಡು ಬಗೆಯ ನೋಟಗಳನ್ನು ಬೇರೆ ಬೇರೆ ಇಟ್ಟು ಯೋಚಿಸಬೇಕು. ಹ್ಯಾಂಗರುಗಳ ಒಳಗಿರುವುದಕ್ಕೆ ಗೈಡ್ ಅಗತ್ಯ ಕಡಿಮೆ. ನಾರ್ಮನ್ ಫಾಸ್ಟರ್ ವಿನ್ಯಾಸ ಮಾಡಿ 1997ರಲ್ಲಿ ತೆರೆದ ಅಮೆರಿಕನ್ ಏರ್ ಮ್ಯೂಸಿಯಂ ಕಟ್ಟಡವಂತೂ ತನ್ನ ಮಾತನ್ನು ತಾನೇ ಆಡುತ್ತದೆ. ಬಿ–52 ಬಾಂಬರಿನ ಅಗಲವಾದ ರೆಕ್ಕೆಯ ಕೆಳಗೆ ಉಳಿದ ವಿಮಾನಗಳು ತಾಯಿಹಕ್ಕಿಯ ಮರಿಗಳ ಹಾಗೆ ನಿಂತಿರುತ್ತವೆ. ಕಟ್ಟಡದ ಹೊರಗೆ 52 ಗಾಜಿನ ಫಲಕಗಳಿವೆ. ಬ್ರಿಟನ್ನಿನಿಂದ ಹಾರಿ ಹಿಂದಿರುಗದ 7,031 ಅಮೆರಿಕನ್ ವಿಮಾನಗಳ ಆಕೃತಿಗಳನ್ನು, ಒಂದೊಂದನ್ನೂ ಬಿಡದೆ, ಆ ಗಾಜಿನ ಮೇಲೆ ಕೊರೆದಿದ್ದಾರೆ. ಅದರ ಮುಂದೆ ಯಾರೂ ವಿವರಣೆ ಕೊಡದಿರುವುದೇ ಮೇಲು.

ಗೈಡ್ ಬೇಕಾಗುವುದು ನೆಲೆಯ ಕಥೆಗೆ. ಹಳೆಯ ಹ್ಯಾಂಗರುಗಳ ಸಾಲಿನಲ್ಲಿ ಒಂದು ಕಡೆ ಖಾಲಿ ಜಾಗವಿದೆ. ಬಾಂಬು ಬಿದ್ದಿರಬೇಕೆಂದು ನೀವು ಊಹಿಸುತ್ತೀರಿ. ನಿಜ ಏನೆಂದರೆ 1968ರಲ್ಲಿ ಒಂದು ಚಲನಚಿತ್ರದ ಚಿತ್ರೀಕರಣಕ್ಕೆಂದು ಆ ಹ್ಯಾಂಗರನ್ನು ಸ್ಫೋಟಿಸಲಾಯಿತು. ಜರ್ಮನರ ಕೈಗೆ ಸಿಗದೆ ಉಳಿದದ್ದು ಸಿನಿಮಾದವರ ಕೈಗೆ ಸಿಕ್ಕಿತು. ಇಂಥವನ್ನು ಫಲಕ ಓದಿ ತಿಳಿಯುವವರು ಕಡಿಮೆ, ಗೈಡ್ ಕೈ ತೋರಿಸಿದರೆ ಮರೆಯುವವರೂ ಕಡಿಮೆ.

ಇನ್ನೂ ಒಂದು ಕಾರಣಕ್ಕೆ ಡಕ್ಸ್‌ಫರ್ಡನ್ನು ಅಕ್ಸ್‌ಬ್ರಿಜ್‌ನ ನಂತರವೇ ನೋಡಬೇಕೆಂದು ನಾನು ಹೇಳುತ್ತೇನೆ. 1940ರಲ್ಲಿ ಡಕ್ಸ್‌ಫರ್ಡ್ ಇದ್ದದ್ದು 12ನೇ ಗ್ರೂಪಿನಲ್ಲಿ, ಅದರ ಮುಖ್ಯಸ್ಥ ಟ್ರಾಫರ್ಡ್ ಲೀ–ಮಾಲರಿ. ಎರಡೂ ಕಾಲು ಕಳೆದುಕೊಂಡಿದ್ದ ಪೈಲಟ್ ಡಗ್ಲಸ್ ಬೇಡರ್ ಇಲ್ಲಿಂದ ಹಲವು ಸ್ಕ್ವಾಡ್ರನ್‌ಗಳನ್ನು ಒಟ್ಟುಗೂಡಿಸಿ "ಬಿಗ್ ವಿಂಗ್" ಎಂಬ ದೊಡ್ಡ ದಂಡನ್ನು ಮುನ್ನಡೆಸುತ್ತಿದ್ದರು. ಶತ್ರುವನ್ನು ಒಮ್ಮೆಲೇ ದೊಡ್ಡ ಸಂಖ್ಯೆಯಲ್ಲಿ ಎದುರಿಸಬೇಕೆಂಬುದು ಅವರ ವಾದ. ಅಷ್ಟು ವಿಮಾನಗಳು ಗಾಳಿಯಲ್ಲಿ ಒಂದುಗೂಡುವಷ್ಟರಲ್ಲಿ ತನ್ನ ನೆಲೆಗಳ ಮೇಲೆ ಬಾಂಬು ಬಿದ್ದಾಗಿರುತ್ತದೆ ಎಂಬುದು ಪಾರ್ಕ್ ಅವರ ಆಕ್ಷೇಪ. ವರ್ಷ ಮುಗಿಯುವುದರೊಳಗೆ, ಈ ಗ್ರೂಪುಗಳೆಲ್ಲ ಸೇರಿದ ಫೈಟರ್ ಕಮಾಂಡಿನ ಮುಖ್ಯಸ್ಥ ಹ್ಯೂ ಡೌಡಿಂಗ್ ಸ್ಥಾನ ಬಿಟ್ಟಾಗಿತ್ತು, ಪಾರ್ಕ್ ಅವರನ್ನು ಬದಲಿಸಿ ಅದೇ 11ನೇ ಗ್ರೂಪಿಗೆ ಲೀ–ಮಾಲರಿಯನ್ನು ಕೂರಿಸಲಾಗಿತ್ತು. ಈ ಜಗಳವನ್ನು ನೆಲಮಾಳಿಗೆಯಲ್ಲಿ ಕೇಳಿದರೆ ಒಂದು ಬಗೆ, ಡಕ್ಸ್‌ಫರ್ಡಿನ ಹುಲ್ಲಿನ ಮೇಲೆ ನಿಂತು ಕೇಳಿದರೆ ಇನ್ನೊಂದು ಬಗೆ. ಒಳ್ಳೆಯ ಗೈಡ್‌ಗಳು ಎರಡೂ ಕಡೆಯ ಮಾತನ್ನು ಹೇಳುತ್ತಾರೆ, ಆದರೂ ದನಿಯಲ್ಲಿ ತವರಿನ ಪಕ್ಷಪಾತ ಇಣುಕುತ್ತದೆ. ಎರಡೂ ಟಿಕೆಟಿನ ಬೆಲೆ ವಸೂಲಾಗುವುದು ಆ ಪಕ್ಷಪಾತವನ್ನು ಹಿಡಿಯುವುದರಲ್ಲೇ ಎಂದರೆ ಅತಿಶಯೋಕ್ತಿಯೇನಲ್ಲ.

ಮೂರು ಲ್ಯಾಂಕಾಸ್ಟರ್‌ಗಳು

ಉಳಿದ ಮೂರು ತಾಣಗಳನ್ನು ಹೋಲಿಸಲು ಅಲ್ಲಿರುವ ಒಂದೊಂದು ಲ್ಯಾಂಕಾಸ್ಟರ್ ಬಾಂಬರನ್ನು ಹಿಡಿದುಕೊಂಡರೆ ಸಾಕು. ಒಟ್ಟು 7,377 ಲ್ಯಾಂಕಾಸ್ಟರ್‌ಗಳು ತಯಾರಾದವು, ಉಳಿದಿರುವುದು ಬೆರಳೆಣಿಕೆಯಷ್ಟು. ಇಂಗ್ಲೆಂಡಿನಲ್ಲಿ ಉಳಿದವುಗಳಲ್ಲಿ ಒಂದು ಯುದ್ಧ ಕಂಡಿದೆ, ಈಗ ಅಲುಗಾಡುವುದಿಲ್ಲ. ಒಂದು ಹಾರುತ್ತದೆ, ಯುದ್ಧ ಕಂಡಿಲ್ಲ. ಇನ್ನೊಂದು ಯುದ್ಧವನ್ನೂ ಕಂಡಿಲ್ಲ, ಹಾರುವುದೂ ಇಲ್ಲ, ಆದರೆ ನಿಮ್ಮನ್ನು ಹೊಟ್ಟೆಯೊಳಗೆ ಕೂರಿಸಿಕೊಂಡು ನಾಲ್ಕೂ ಎಂಜಿನ್ ಗರ್ಜಿಸುತ್ತ ನೆಲದ ಮೇಲೆ ಓಡುತ್ತದೆ.

ಮೊದಲನೆಯದು ಹೆಂಡನ್‌ನ ಆರ್5868. ರಾಯಲ್ ಏರ್ ಫೋರ್ಸ್ ಮ್ಯೂಸಿಯಂ ಇಲ್ಲಿ ಬಾಗಿಲು ತೆರೆದದ್ದು 1972ರಲ್ಲಿ, ಪ್ರವೇಶ ಉಚಿತ. ಈ ವಿಮಾನ 137 ದಾಳಿಗಳಿಗೆ ಹೋಗಿ ಹಿಂದಿರುಗಿತು. ಕಾಕ್‌ಪಿಟ್ಟಿನ ಕೆಳಗೆ, ಎಡಮಗ್ಗುಲಲ್ಲಿ, ಒಂದೊಂದು ದಾಳಿಗೆ ಒಂದೊಂದರಂತೆ ಬಾಂಬಿನ ಚಿತ್ರಗಳನ್ನು ಸಾಲುಸಾಲಾಗಿ ಬರೆದಿದ್ದಾರೆ. ಜರ್ಮನಿಯ ಆಕಾಶಕ್ಕೆ ಶತ್ರುವಿಮಾನ ಕಾಲಿಡದು ಎಂಬ, ಜರ್ಮನಿಯ ವಾಯುಪಡೆಯ ಮುಖ್ಯಸ್ಥ ಗೋರಿಂಗ್‌ನ ಜಂಭದ ಮಾತನ್ನೂ ಜೊತೆಗೆ ಬರೆದು ಅಣಕಿಸಿದ್ದಾರೆ. ಅದೇ ಮ್ಯೂಸಿಯಂನಲ್ಲಿ ಡಬ್ಲ್ಯೂ1048 ಎಂಬ ಹ್ಯಾಲಿಫ್ಯಾಕ್ಸ್ ಬಾಂಬರಿನ ಒಡಲೂ ಇದೆ. 1942ರ ಏಪ್ರಿಲ್‌ನಲ್ಲಿ ಜರ್ಮನಿಯ ಟಿರ್ಪಿಟ್ಸ್ ಯುದ್ಧನೌಕೆಯ ಮೇಲಿನ ದಾಳಿಯಲ್ಲಿ ಪೆಟ್ಟು ತಿಂದು ನಾರ್ವೆಯ ಹೆಪ್ಪುಗಟ್ಟಿದ ಸರೋವರದ ಮೇಲೆ ಇಳಿದ ಈ ವಿಮಾನ ಆಮೇಲೆ ಮಂಜಿನಡಿ ಮುಳುಗಿತು. 1973ರಲ್ಲಿ ಮೇಲೆತ್ತಿದ ಮೇಲೆ ಅದಕ್ಕೆ ಹೊಸ ಬಣ್ಣ ಬಳಿಯುವ ಗೋಜಿಗೆ ಹೋಗದೆ ತುಕ್ಕು ಹಿಡಿದ ಹಾಗೆಯೇ ಇರಿಸಿದರು. ಆ ತೀರ್ಮಾನ ಸರಿ ಎಂದು ನನಗನ್ನಿಸುತ್ತದೆ.

ಹೆಂಡನ್‌ನಲ್ಲಿ ಫಲಕಗಳು ಚೆನ್ನಾಗಿವೆ, ನೆಲ ಸಮತಟ್ಟು, ಹತ್ತಿರದಲ್ಲೇ ನಾರ್ದರ್ನ್ ಲೈನಿನ ಕಾಲಿಂಡೇಲ್ ನಿಲ್ದಾಣ. ಆದ್ದರಿಂದ ಗೈಡ್ ಇಲ್ಲದೆ ನೋಡಬಹುದಾದ ತಾಣ ಐದರಲ್ಲಿ ಇದೇ. ಚಿಕ್ಕ ಮಕ್ಕಳಿದ್ದರಂತೂ ಗುಂಪಿನ ಸುತ್ತಿಗೆ ಕಟ್ಟಿಬೀಳದಿರುವುದೇ ಜಾಣತನ.

ಎರಡನೆಯದು ಕನಿಂಗ್ಸ್‌ಬಿಯ ಪಿಎ474. ಕನಿಂಗ್ಸ್‌ಬಿ ಇಂದಿಗೂ ಟೈಫೂನ್ ಜೆಟ್‌ಗಳು ಹಾರುವ ವಾಯುನೆಲೆ. ಬ್ಯಾಟಲ್ ಆಫ್ ಬ್ರಿಟನ್ ಮೆಮೋರಿಯಲ್ ಫ್ಲೈಟ್ ಎಂಬ ತುಕಡಿ 1976ರಿಂದ ಇಲ್ಲೇ ಇದೆ. ಇದು ಕೆಲಸ ನಡೆಯುವ ಹ್ಯಾಂಗರ್, ಆದ್ದರಿಂದ ಒಳಗೆ ಹೋಗುವುದೇ ಗೈಡ್ ಜೊತೆಯಲ್ಲಿ. ಇಲ್ಲಿ ಆಯ್ಕೆಯ ಪ್ರಶ್ನೆಯೇ ಇಲ್ಲ, ಆದರೆ ಗೈಡ್‌ಗಳು ತಾವು ಹೇಳುವುದರ ಆಳ ಬಲ್ಲವರು. ಪಿಎ474 ತಯಾರಾದದ್ದು 1945ರ ಮಧ್ಯದಲ್ಲಿ, ಪೂರ್ವದೇಶಗಳ ಯುದ್ಧಕ್ಕೆಂದು. ಅದು ಹೊರಡುವ ಮುನ್ನವೇ ಯುದ್ಧ ಮುಗಿಯಿತು. ನಂತರ ಆಫ್ರಿಕಾದ ಮೇಲೆ ಹಾರಿ ನಕಾಶೆಗಳಿಗೆ ಚಿತ್ರ ತೆಗೆಯಿತು. ಈಗ ಜಗತ್ತಿನಲ್ಲಿ ಹಾರುವ ಸ್ಥಿತಿಯಲ್ಲಿರುವ ಎರಡೇ ಲ್ಯಾಂಕಾಸ್ಟರ್‌ಗಳಲ್ಲಿ ಇದೊಂದು, ಇನ್ನೊಂದು ಕೆನಡಾದಲ್ಲಿದೆ.

ಆದರೆ ಕನಿಂಗ್ಸ್‌ಬಿಯಲ್ಲಿ ಲ್ಯಾಂಕಾಸ್ಟರ್‌ಗಿಂತಲೂ ನಿಂತು ನೋಡಬೇಕಾದದ್ದು ಪಿ7350 ಎಂಬ ಸ್ಪಿಟ್‌ಫೈರ್. 1940ರ ಕಾಳಗದಲ್ಲಿ ನಿಜಕ್ಕೂ ಹೋರಾಡಿದ ಈ ವಿಮಾನ ಅಕ್ಟೋಬರ್ 25ರಂದು ಗುಂಡೇಟು ತಿಂದು ನೆಲಕ್ಕಿಳಿಯಿತು. ಅದರ ಎಡರೆಕ್ಕೆಯ ಮೇಲೆ, ಬೆಳಕು ಓರೆಯಾಗಿ ಬೀಳುವಾಗ, ತೇಪೆ ಹಾಕಿದ ಗುಂಡಿನ ತೂತುಗಳ ಗುರುತು ಈಗಲೂ ಕಾಣುತ್ತದೆ. 1948ರಲ್ಲಿ ಇದನ್ನು ಗುಜರಿ ಲೆಕ್ಕದಲ್ಲಿ 25 ಪೌಂಡಿಗೆ ಮಾರಿದ್ದರು. ಕೊಂಡವರು ಇದರ ಚರಿತ್ರೆ ತಿಳಿದ ಮೇಲೆ ಕರಗಿಸದೆ ವಾಯುಪಡೆಗೇ ಮರಳಿಸಿದರು. ಹಗ್ಗದಾಚೆ ನಿಂತು ನೋಡುವವರಿಗೆ ಆ ತೇಪೆಗಳು ಕಣ್ಣಿಗೇ ಬೀಳುವುದಿಲ್ಲ, ತೋರಿಸುವ ಬೆರಳು ಬೇಕು.

ಕನಿಂಗ್ಸ್‌ಬಿಗೆ ಹೋಗುವ ಕಾಲವನ್ನು ಯೋಚಿಸಿ ಆರಿಸಿಕೊಳ್ಳಬೇಕು. ಬೇಸಿಗೆಯಲ್ಲಿ ವಿಮಾನಗಳು ಪ್ರದರ್ಶನಗಳಿಗೆ ಹಾರಿಹೋಗಿ ಹ್ಯಾಂಗರ್ ಅರ್ಧ ಖಾಲಿ ಇರಬಹುದು. ಚಳಿಗಾಲದಲ್ಲಿ ಎಲ್ಲವೂ ಮನೆಯಲ್ಲೇ ಇರುತ್ತವೆ, ಆದರೆ ಎಂಜಿನ್ ಇಳಿಸಿ, ಹೊದಿಕೆ ಬಿಚ್ಚಿ ದುರಸ್ತಿಗೆ ಮಲಗಿಸಿರುತ್ತಾರೆ. ಚಂದದ ಫೋಟೋ ಬೇಕೆನ್ನುವವರು ಎರಡನೆಯದನ್ನು ನಷ್ಟವೆಂದು ಎಣಿಸುತ್ತಾರೆ. ನನ್ನ ಮಟ್ಟಿಗೆ ಬಿಚ್ಚಿಟ್ಟ ವಿಮಾನವೇ ಹೆಚ್ಚು ಹೇಳುತ್ತದೆ: ಲ್ಯಾಂಕಾಸ್ಟರ್‌ನ ಮೈ ಎಷ್ಟು ತೆಳು, ಸಿಬ್ಬಂದಿಗೂ ಗುಂಡಿಗೂ ನಡುವೆ ಇದ್ದದ್ದು ಎಷ್ಟು ಸಣ್ಣ ತಗಡು ಎಂಬುದು ಆಗಲೇ ತಿಳಿಯುವುದು.

ಮೂರನೆಯದು ಈಸ್ಟ್ ಕರ್ಕ್‌ಬಿಯ ಎನ್‌ಎಕ್ಸ್611, ಪ್ರೀತಿಯ ಹೆಸರು "ಜಸ್ಟ್ ಜೇನ್". 1945ರಲ್ಲಿ ತಯಾರಾಗಿ, ಮುಂದೆ ಫ್ರೆಂಚ್ ನೌಕಾಪಡೆಗೆ ಮಾರಾಟವಾಗಿ, ದೂರದ ನ್ಯೂ ಕ್ಯಾಲೆಡೋನಿಯಾದಲ್ಲಿ ದುಡಿದು, ಕೊನೆಗೆ ಇಂಗ್ಲೆಂಡಿಗೆ ಮರಳಿತು. ಒಂದು ಸೋಜಿಗವೆಂದರೆ, ಹೆಂಡನ್‌ನ ಆರ್5868 ಮತ್ತು ಈ ಎನ್‌ಎಕ್ಸ್611 ಎರಡೂ, ಒಂದರ ನಂತರ ಒಂದು, ಸ್ಕ್ಯಾಂಪ್ಟನ್ ವಾಯುನೆಲೆಯ ಗೇಟಿನ ಬಳಿ ವರ್ಷಗಟ್ಟಲೆ ಕಾವಲು ನಿಂತಿದ್ದವು. ಎನ್‌ಎಕ್ಸ್611 ಅನ್ನು ಕೊಂಡು ತಂದವರು ಫ್ರೆಡ್ ಮತ್ತು ಹೆರಾಲ್ಡ್ ಪ್ಯಾಂಟನ್ ಎಂಬ ರೈತ ಸೋದರರು. ಅವರ ಅಣ್ಣ ಕ್ರಿಸ್ಟೋಫರ್ 1944ರ ಮಾರ್ಚ್ 30ರ ರಾತ್ರಿ ನ್ಯೂರೆಂಬರ್ಗ್ ದಾಳಿಗೆ ಹೋಗಿ ಮರಳಲಿಲ್ಲ. ಆ ಒಂದೇ ರಾತ್ರಿ ಹೊರಟ 795 ವಿಮಾನಗಳಲ್ಲಿ 95 ಹಿಂದಿರುಗಲಿಲ್ಲ. ಬ್ರಿಟನ್ನಿನ ಬಾಂಬರ್ ಪಡೆಯಾದ ಬಾಂಬರ್ ಕಮಾಂಡಿನಲ್ಲಿ ಯುದ್ಧದುದ್ದಕ್ಕೂ ಸತ್ತವರು 55,573 ಮಂದಿ. ಮ್ಯೂಸಿಯಂ ಇರುವುದು 57 ಮತ್ತು 630ನೇ ಸ್ಕ್ವಾಡ್ರನ್‌ಗಳು ಹಾರುತ್ತಿದ್ದ ಅದೇ ನೆಲೆಯಲ್ಲಿ.

ಈಸ್ಟ್ ಕರ್ಕ್‌ಬಿಯಲ್ಲಿ ಎರಡು ಬಗೆಯ ಟಿಕೆಟುಗಳ ನಡುವೆ ಅಂತರ ಬಹಳ. ಮಾಮೂಲು ಪ್ರವೇಶದಲ್ಲಿ ವಿಮಾನವನ್ನು ಹೊರಗಿನಿಂದ ನೋಡಬಹುದು, ಓಡುವ ದಿನವಾದರೆ ಬೇಲಿಯ ಬಳಿ ನಿಂತು ಎಂಜಿನ್ನುಗಳು ಒಂದೊಂದಾಗಿ ಹೊಗೆ ಕಾರಿ ಹೊತ್ತಿಕೊಳ್ಳುವುದನ್ನು ಕೇಳಬಹುದು. ಟ್ಯಾಕ್ಸಿ ರೈಡ್ ಎಂಬ ಇನ್ನೊಂದು ಆಯ್ಕೆಯಲ್ಲಿ ಒಳಗೇ ಕೂರಿಸಿಕೊಂಡು ಓಡಿಸುತ್ತಾರೆ. ಅದಕ್ಕೆ ನೂರಾರು ಪೌಂಡ್ ತೆರಬೇಕು, ಬಹಳ ಮುಂಚೆಯೇ ಸೀಟು ಕಾದಿರಿಸಬೇಕು. ಬೆಲೆ ಕೇಳಿದರೆ ಎದೆ ಝಲ್ಲೆನ್ನುತ್ತದೆ. ಆದರೂ ಲ್ಯಾಂಕಾಸ್ಟರ್ ಎಂದರೇನು ಎಂಬುದು ತಿಳಿಯುವುದು ಒಳಗೆ ಹೋದಾಗಲೇ. ಬಾಲದ ಬಳಿಯ ಬಾಗಿಲಿನಿಂದ ಹತ್ತಿ ಬಗ್ಗಿಕೊಂಡು ಮುಂದೆ ಹೋದರೆ, ಎರಡೂ ರೆಕ್ಕೆಗಳನ್ನು ಹಿಡಿದಿಟ್ಟ ತೊಲೆ ನಡುದಾರಿಗೇ ಅಡ್ಡ ಬಂದು ನಿಲ್ಲುತ್ತದೆ. ಅದರ ಮೇಲೆ ಹೊಟ್ಟೆ ಉಜ್ಜಿಕೊಂಡೇ ದಾಟಬೇಕು. ಹಗಲಲ್ಲಿ, ನಿಂತ ವಿಮಾನದಲ್ಲಿ, ಹಗುರ ಬಟ್ಟೆಯಲ್ಲೇ ಅದು ಹಾಗೆ. ದಪ್ಪ ಕೋಟು, ಬೂಟು ತೊಟ್ಟ ಹುಡುಗರು ಕತ್ತಲಲ್ಲಿ, ಉರಿಯುತ್ತ ಬೀಳುವ ವಿಮಾನದಲ್ಲಿ ಅದನ್ನು ದಾಟಿ ಹೊರಬೀಳಬೇಕಿತ್ತು. ಬಾಲದ ತುದಿಯಲ್ಲಿ ಒಬ್ಬನೇ ಕೂರುತ್ತಿದ್ದ ಗನ್ನರ್‌ನ ಪ್ಯಾರಾಶೂಟ್ ಅವನ ಗೂಡಿನೊಳಗೆ ಹಿಡಿಸುತ್ತಿರಲಿಲ್ಲ, ಹಿಂದಿನ ಬಾಗಿಲಾಚೆ ತೂಗುಹಾಕಿರುತ್ತಿದ್ದರು. ತೊಲೆ ದಾಟುವಷ್ಟು ಮೈ ಬಾಗದವರು, ಇಕ್ಕಟ್ಟು ಕಂಡರೆ ಉಸಿರು ಕಟ್ಟುವವರು ಬೇಲಿಯ ಬಳಿಯೇ ನಿಲ್ಲುವುದು ಕ್ಷೇಮ. ಸದ್ದು ಅಲ್ಲಿಯೂ ಎದೆಗೆ ತಾಗುತ್ತದೆ.

ಗೈಡ್‌ಗಳನ್ನು ಕುರಿತು

ಇಂಥ ತಾಣಗಳಲ್ಲಿ ವಿವರಿಸುವವರಲ್ಲಿ ಬಹುಪಾಲು ಸ್ವಯಂಸೇವಕರು, ಅನೇಕರು ವಾಯುಪಡೆಯಿಂದ ನಿವೃತ್ತರಾದವರು. ಎಂಜಿನ್ನಿನ ಅಶ್ವಶಕ್ತಿಯನ್ನು ಗಿಣಿಪಾಠದಂತೆ ಒಪ್ಪಿಸುವವರೂ ಇದ್ದಾರೆ. ಗುಂಪಿಗೆ ಬೇಸರ ಬರುವ ಮೊದಲು ಒಂದು ಪ್ರಶ್ನೆ ಎಸೆದರೆ ಅಂಥವರೂ ದಾರಿಗೆ ಬರುತ್ತಾರೆ. ಕನ್ನಡಿಗರ ಕೈಯಲ್ಲಿ ಒಂದು ಒಳ್ಳೆಯ ಪ್ರಶ್ನೆ ಸಿದ್ಧವಾಗಿಯೇ ಇದೆ: 129ನೇ ಸ್ಕ್ವಾಡ್ರನ್ ಬಗ್ಗೆ ನಿಮಗೇನು ಗೊತ್ತು ಎಂದು ಕೇಳಿ. 1941ರಲ್ಲಿ ರಚನೆಯಾದ ಈ ಸ್ಪಿಟ್‌ಫೈರ್ ಸ್ಕ್ವಾಡ್ರನ್ನಿನ ಪೂರ್ಣ ಹೆಸರು 129 (ಮೈಸೂರು) ಸ್ಕ್ವಾಡ್ರನ್. ಮೈಸೂರಿನಿಂದ ಬಂದ ಯುದ್ಧನಿಧಿಯ ನೆನಪಿಗೆ ಆ ಹೆಸರು, ಲಾಂಛನದಲ್ಲಿ ಗಂಡಭೇರುಂಡ. ಇಂಗ್ಲಿಷ್ ಕಾಲುವೆಯ ಮೇಲೆ ಹಾರಾಡಿದ ಗಂಡಭೇರುಂಡದ ಮಾತು ತೆಗೆದರೆ ಗೈಡ್‌ನ ಮುಖ ಅರಳುತ್ತದೋ, ಇಲ್ಲ ಅವರು ಮುಂದಿನ ವಿಮಾನದತ್ತ ನಡೆದುಬಿಡುತ್ತಾರೋ ಎಂಬುದರಿಂದ ಉಳಿದ ಅರ್ಧ ಗಂಟೆ ಹೇಗಿರುತ್ತದೆಂದು ಊಹಿಸಬಹುದು.

ದಿನಗಳ ಲೆಕ್ಕ

ಲಂಡನ್ನಿನಲ್ಲಿ ಒಂದೇ ದಿನ ಬಿಡುವಿದ್ದರೆ ಬೆಳಿಗ್ಗೆ ಅಕ್ಸ್‌ಬ್ರಿಜ್‌ನಲ್ಲಿ ಗೈಡ್ ಜೊತೆ ನೆಲಮಾಳಿಗೆ, ಮಧ್ಯಾಹ್ನ ಹೆಂಡನ್‌ನಲ್ಲಿ ಗೈಡ್ ಇಲ್ಲದೆ ಲ್ಯಾಂಕಾಸ್ಟರ್ ಮತ್ತು ಹ್ಯಾಲಿಫ್ಯಾಕ್ಸ್. ಎರಡೂ ಮೆಟ್ರೋ ರೈಲಿನ ಅಳವಿನಲ್ಲಿವೆ. ಎರಡು ದಿನವಿದ್ದರೆ ಎರಡನೆಯದು ಪೂರ್ತಿ ಡಕ್ಸ್‌ಫರ್ಡ್‌ಗೆ. ಅಲ್ಲಿ ಪ್ರವೇಶಕ್ಕೇ ಹಣ ಕೊಡಬೇಕಾದ್ದರಿಂದ ಅರ್ಧ ದಿನಕ್ಕೆ ಹೋಗುವುದು ನಷ್ಟ. ಬೆಳಗಿನ ಹೊತ್ತು ನೆಲೆಯ ಸುತ್ತಿಗೆ ಸೇರಿಕೊಂಡು, ಹ್ಯಾಂಗರುಗಳನ್ನು ಆಮೇಲೆ ನಿಮ್ಮ ಪಾಡಿಗೆ ನೀವು ನೋಡಿ. ಲಿಂಕನ್‌ಶೈರಿಗೆ ಕಾರಿಲ್ಲದೆ ಹೊರಡುವುದು ಬೇಡ, ಅಲ್ಲಿ ಬಸ್ಸುಗಳು ವಿರಳ. ಕಾರಿದ್ದರೆ ಕನಿಂಗ್ಸ್‌ಬಿ ಮತ್ತು ಈಸ್ಟ್ ಕರ್ಕ್‌ಬಿಗಳ ನಡುವೆ ಅರ್ಧ ಗಂಟೆಯ ದಾರಿಯೂ ಇಲ್ಲ, ಒಂದೇ ದಿನದಲ್ಲಿ ಎರಡೂ ಮುಗಿಯುತ್ತವೆ. ಆದರೆ ಕನಿಂಗ್ಸ್‌ಬಿಯ ಹ್ಯಾಂಗರ್ ತೆರೆದಿರುವ ದಿನವೂ "ಜಸ್ಟ್ ಜೇನ್" ಓಡುವ ದಿನವೂ ಒಂದೇ ಆಗಿರಬೇಕೆಂದೇನಿಲ್ಲ. ಮೊದಲು "ಜೇನ್" ಓಡುವ ದಿನಾಂಕ ಗೊತ್ತುಮಾಡಿಕೊಂಡು, ಅಂದು ಕನಿಂಗ್ಸ್‌ಬಿ ತೆರೆದಿದೆಯೇ ಎಂದು ವಿಚಾರಿಸಿ, ಆಮೇಲೆ ಹೋಟೆಲ್ ಕಾದಿರಿಸಿ.